ಸನ್ ಸಿಟಿ: ನಿವೃತ್ತರಿಗಾಗಿ ಕಟ್ಟಿದ ನಗರವೊಂದರ ಇತಿಹಾಸ

ನಗರಗಳ ಹುಟ್ಟನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಓದುವ ಗ್ರಂಥಗಳಲ್ಲಿ ಸಾಮಾನ್ಯವಾಗಿ ನಾಲ್ಕಾರು ಕಾರಣಗಳನ್ನು ಹೇಳಿರುತ್ತಾರೆ. ನದಿಯ ದಾಟು, ಕೋಟೆ, ದೇವಾಲಯ, ಸಂತೆ, ಗಣಿ, ಕಾರ್ಖಾನೆ ಇವುಗಳಲ್ಲಿ ಯಾವುದಾದರೊಂದರ ಸುತ್ತ ಜನ ನೆಲಸಿದರೆಂದೂ ಅದರಿಂದ ಊರು ಬೆಳೆಯಿತೆಂದೂ ವಿವರಿಸುವುದು ರೂಢಿ. ಕಾರಣ ಯಾವುದೇ ಇರಲಿ, ಅಂಥ ಊರಿನಲ್ಲಿ ಎರಡು ಸಂಗತಿಗಳು ಇದ್ದೇ ಇರುತ್ತವೆ. ಅಲ್ಲಿ ಜನ ದುಡಿಯುತ್ತಾರೆ. ಅಲ್ಲಿ ಮಕ್ಕಳು ಹುಟ್ಟಿ ಬೆಳೆಯುತ್ತಾರೆ. 1960ನೆಯ ಇಸವಿ ಜನವರಿ 1ರಂದು ಅಮೆರಿಕದ ಅರಿಜೋನ ಸಂಸ್ಥಾನದಲ್ಲಿ, ಫೀನಿಕ್ಸ್ ನಗರದ ವಾಯವ್ಯಕ್ಕೆ, ಈ ಎರಡನ್ನೂ ಬುದ್ಧಿಪೂರ್ವಕವಾಗಿ ಹೊರಗಿಟ್ಟ ಊರೊಂದು ಆರಂಭವಾಯಿತು. ಅದರ ಹೆಸರು ಸನ್ ಸಿಟಿ, ಎಂದರೆ ಬಿಸಿಲಿನ ನಗರ. ಉದ್ಯೋಗದಿಂದ ನಿವೃತ್ತರಾದವರು ಮಾತ್ರವೇ ಮನೆ ಕೊಂಡು ವಾಸಿಸಲೆಂದು ಅದನ್ನು ಯೋಜಿಸಲಾಗಿತ್ತು.

ಇಂಥ ಊರಿನ ಚರಿತ್ರೆಯನ್ನು ವ್ಯಾಪಾರದ ಚರಿತ್ರೆಯೆಂದು ಬದಿಗಿಡುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಮನೆ ಮಾರುವ ಸಂಸ್ಥೆಯೊಂದು ತನ್ನ ಅನುಕೂಲಕ್ಕಾಗಿ ಎಳೆದ ವಯಸ್ಸಿನ ಗೆರೆಯು ಮೂವತ್ತೈದು ವರ್ಷಗಳೊಳಗೆ ದೇಶದ ಶಾಸನದಲ್ಲಿ ಸ್ಥಾನ ಪಡೆಯಿತು. ಆ ನಡುವೆ, ನೆರೆಯೂರಿನ ಮಕ್ಕಳ ಶಾಲೆಗೆ ವೃದ್ಧರು ಕಂದಾಯ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿ ಎದ್ದು, ಒಂದು ಬಗೆಯಲ್ಲಿ ತೀರ್ಮಾನವನ್ನೂ ಕಂಡಿತು. ಪ್ರಕೃತ ಲೇಖನದಲ್ಲಿ ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ನಮ್ಮ ಉದ್ದೇಶ.

ಮೊದಲು ಹಿನ್ನೆಲೆ. ವೃದ್ಧಾಪ್ಯವೆಂಬುದು ಮನುಷ್ಯನಷ್ಟೇ ಹಳೆಯದು, ನಿವೃತ್ತಿ ಹಾಗಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು 47 ವರ್ಷ. 1950ರ ವೇಳೆಗೆ ಅದು 68ಕ್ಕೆ ಏರಿತ್ತು. ಆದರೆ ಆಯುಸ್ಸು ಹೆಚ್ಚಿದ ಮಾತ್ರಕ್ಕೆ ಬಿಡುವು ದೊರೆಯುವುದಿಲ್ಲ. ಬಿಡುವಿಗೆ ಹಣ ಬೇಕು. ಆ ಹಣದ ಮೊದಲ ಆಧಾರ 1935ರ ಸಾಮಾಜಿಕ ಭದ್ರತಾ ಶಾಸನ. ಅದರ ಪ್ರಕಾರ ತಿಂಗಳ ಪಿಂಚಣಿಯ ಮೊದಲನೆಯ ಚೆಕ್ಕು 1940ರ ಜನವರಿ 31ರಂದು ಬಟವಾಡೆಯಾಯಿತು. ಮೊತ್ತ 22 ಡಾಲರು 54 ಸೆಂಟು. ಅಷ್ಟರಲ್ಲಿ ಯಾರೂ ಊರು ಬಿಟ್ಟು ಮರುಭೂಮಿಯಲ್ಲಿ ಮನೆ ಕೊಳ್ಳಲಾರರು. 1950ರ ತಿದ್ದುಪಡಿಯಿಂದ ಈ ಪಿಂಚಣಿ ಸರಾಸರಿಯಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಬೆಳೆಯಿತು. ಅದಕ್ಕೆ ಒಂದು ವರ್ಷ ಮುಂಚೆ, 1949ರಲ್ಲಿ, ಮೋಟಾರು ಕಾರ್ಮಿಕರ ಸಂಘವು ಫೋರ್ಡ್ ಕಂಪೆನಿಯೊಡನೆ ಮಾಡಿಕೊಂಡ ಒಪ್ಪಂದದಿಂದ ನಿವೃತ್ತ ಕಾರ್ಮಿಕನಿಗೆ, ಸರ್ಕಾರದ ಪಿಂಚಣಿಯೂ ಸೇರಿ, ತಿಂಗಳಿಗೆ 100 ಡಾಲರು ದೊರೆಯುವಂತಾಯಿತು. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರೂ ಅದೇ ವರ್ಷ ಮುಷ್ಕರ ಹೂಡಿ ಪಿಂಚಣಿಯ ಹಕ್ಕನ್ನು ಪಡೆದರು. ಇದರ ಜೊತೆಗೆ, ಯುದ್ಧಾನಂತರದ ವರ್ಷಗಳಲ್ಲಿ ಮನೆಗಳ ಬೆಲೆ ಏರುತ್ತಿದ್ದುದರಿಂದ, ಸಾಲ ತೀರಿದ ಹಳೆಯ ಮನೆಯನ್ನು ಮಾರಿದವನ ಕೈಯಲ್ಲಿ ಒಂದು ಇಡಿಗಂಟು ನಿಲ್ಲುತ್ತಿತ್ತು. ಯಂತ್ರದಿಂದ ಮನೆಯನ್ನು ತಂಪಾಗಿಡುವ ವಿದ್ಯೆ ಅಗ್ಗವಾದುದನ್ನೂ ಮರೆಯುವಂತಿಲ್ಲ. ಫೀನಿಕ್ಸಿನ ಬೇಸಗೆ ನಮ್ಮ ರಾಯಚೂರಿನ ಬೇಸಗೆಯನ್ನು ಸೌಮ್ಯವೆನ್ನಿಸುವಂಥದು.

ವೃದ್ಧರಿಗಾಗಿ ಪ್ರತ್ಯೇಕ ನೆಲೆಗಳು ಇದಕ್ಕೆ ಮುಂಚೆಯೂ ಇದ್ದವು. ಮೂಸ್ ಎಂಬ ಸೋದರ ಸಂಘವು ಫ್ಲಾರಿಡದಲ್ಲಿ ತನ್ನ ವಯಸ್ಸಾದ ಸದಸ್ಯರಿಗೆಂದು 1922ರಲ್ಲಿಯೇ ಒಂದು ವಸತಿಯನ್ನು ತೆರೆದಿತ್ತು. ಆದರೆ ಅಂಥವುಗಳ ಹಿಂದೆ ಇದ್ದುದು ಪೋಷಣೆಯ ಭಾವನೆ. ಸ್ವಂತ ಮನೆಯನ್ನು ಕೊಂಡು ಸ್ವತಂತ್ರವಾಗಿ ಬಾಳುವ ವೃದ್ಧರ ಊರೆಂಬ ಕಲ್ಪನೆಗೆ ರೂಪ ಕೊಟ್ಟವನು ಬೆನ್ ಷ್ಲೈಫರ್ ಎಂಬ ವಲಸೆಗಾರ. ವೃದ್ಧಾಶ್ರಮದಲ್ಲಿದ್ದ ಮಿತ್ರನೊಬ್ಬನನ್ನು ನೋಡಲು ಹೋಗಿ, ಅಲ್ಲಿನ ಕಟ್ಟುಪಾಡುಗಳನ್ನು ಕಂಡು ಬೇಸತ್ತು, ಆತ ಈ ಕೆಲಸಕ್ಕೆ ಕೈಹಾಕಿದನೆಂದು ಹೇಳುತ್ತಾರೆ. 1954ರಲ್ಲಿ ಆತ ಫೀನಿಕ್ಸಿನ ಬಳಿ ಸ್ಥಾಪಿಸಿದ ಊರಿಗೆ ಇಟ್ಟ ಹೆಸರು ಯಂಗ್‌ಟೌನ್, ಎಂದರೆ ಎಳೆಯರ ಪಟ್ಟಣ! ಮನೆಗಳು ಸಣ್ಣವು, ಬೆಲೆ ಅಲ್ಪ, ಮಕ್ಕಳಿಗೆ ವಾಸವಿಲ್ಲ. ಅಮೆರಿಕದ ನಿವೃತ್ತರ ಮಹಾಸಂಘವೆಂದು ಮುಂದೆ ಪ್ರಬಲವಾದ ಸಂಸ್ಥೆಯ ಮೊಟ್ಟಮೊದಲನೆಯ ಸ್ಥಳೀಯ ಶಾಖೆ 1960ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಕೀರ್ತಿಯೆಲ್ಲವೂ ಪಕ್ಕದ ಸನ್ ಸಿಟಿಗೆ ಸಂದುಹೋದುದರಿಂದ ಷ್ಲೈಫರನ ಹೆಸರನ್ನು ಇಲ್ಲಿ ಎತ್ತಿ ಹೇಳುವುದು ನ್ಯಾಯವೆಂದು ಭಾವಿಸುತ್ತೇವೆ.

ಸನ್ ಸಿಟಿಯನ್ನು ಕಟ್ಟಿದ ಡೆಲ್ ವೆಬ್ 1899ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೋದಲ್ಲಿ ಹುಟ್ಟಿದವನು. ಬಡಗಿಯ ಕೆಲಸ ಕಲಿತು, ಬೇಸ್‌ಬಾಲ್ ಆಟದಲ್ಲಿ ಹೆಸರು ಮಾಡಬೇಕೆಂದಿದ್ದವನು, ವಿಷಮಶೀತ ಜ್ವರದಿಂದ ಸೊರಗಿ, ಒಣಹವೆಯನ್ನು ಅರಸಿ 1928ರಲ್ಲಿ ಫೀನಿಕ್ಸಿಗೆ ಬಂದನು. ಕಟ್ಟಡದ ಗುತ್ತಿಗೆಯಲ್ಲಿ ಅವನಿಗೆ ಐಶ್ವರ್ಯ ಕೈಗೂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ನೆಲೆಗಳನ್ನು ಕಟ್ಟಿದನು; 1942ರಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಪೋಸ್ಟನ್ ಶಿಬಿರವನ್ನು ಕಟ್ಟಿದವನೂ ಇವನೇ. ಲಾಸ್ ವೇಗಾಸಿನ ಫ್ಲೆಮಿಂಗೋ ಹೋಟೆಲಿನ ಗುತ್ತಿಗೆ ಅವನದು. 1945ರಿಂದ ನ್ಯೂಯಾರ್ಕಿನ ಯಾಂಕೀಸ್ ತಂಡದ ಒಡೆಯರಲ್ಲಿ ಅವನೂ ಒಬ್ಬ. ಶಿಬಿರವನ್ನೂ ಜೂಜುಕಟ್ಟೆಯನ್ನೂ ಮುದುಕರ ಊರನ್ನೂ ಒಬ್ಬನೇ ಕಟ್ಟಿದನೆಂಬುದು ವಿಚಿತ್ರವಾಗಿ ಕಾಣಬಹುದು. ಜನಸಮೂಹವನ್ನು ಅಲ್ಪಕಾಲದಲ್ಲಿ ಬಯಲಿನ ಮೇಲೆ ನೆಲಸುವಂತೆ ಮಾಡುವ ವಿದ್ಯೆ ಈ ಎಲ್ಲದರಲ್ಲಿಯೂ ಒಂದೇ.

ಊರಿಗೆ ಆರಿಸಿದ ನೆಲಕ್ಕೂ ಒಂದು ಪೂರ್ವಕಥೆಯಿದೆ. ಅಲ್ಲಿ ಮ್ಯಾರಿನೆಟ್ ಎಂಬ ಸಣ್ಣ ಹಳ್ಳಿಯಿದ್ದಿತು. ಮೊದಲನೆಯ ಮಹಾಯುದ್ಧದ ಸುಮಾರಿಗೆ ಗುಡ್‌ಇಯರ್ ಟೈರು ಕಂಪೆನಿಗೆ ಉದ್ದನೂಲಿನ ಹತ್ತಿ ಬೇಕಾಗಿ, ಆ ಸಂಸ್ಥೆಯು ಈ ಕಣಿವೆಯಲ್ಲಿ ವಿಸ್ತಾರವಾದ ಹೊಲಗಳನ್ನು ಮಾಡಿತು. ಮುಂದೆ ಆ ಭೂಮಿ ಬಾಸ್ವೆಲ್ ಎಂಬ ಹತ್ತಿಯ ವ್ಯವಸಾಯ ಸಂಸ್ಥೆಗೆ ಸೇರಿತು. ವೆಬ್ಬನ ಕಂಪೆನಿಯು ಬಾಸ್ವೆಲ್ಲರೊಡನೆ ಸೇರಿ ಸುಮಾರು 20,000 ಎಕರೆಯ ಮೇಲೆ ಹಕ್ಕು ಪಡೆಯಿತು. ಹತ್ತಿಗೆ ಹಾಯಿಸುತ್ತಿದ್ದ ಕೊಳವೆಬಾವಿಗಳ ನೀರು ಮೊದಲೇ ಇದ್ದುದರಿಂದ ಹುಲ್ಲುಹಾಸು ಬೆಳೆಸುವುದಕ್ಕೆ ತೊಡಕಾಗಲಿಲ್ಲ.

ವೆಬ್ಬನ ಯೋಜನೆಯಲ್ಲಿ ಹೊಸದಾದದ್ದು ಕಟ್ಟಡದ ಕ್ರಮ. ಬಡಾವಣೆ ಮಾಡುವವರು ಸಾಮಾನ್ಯವಾಗಿ ಮೊದಲು ಮನೆ ಮಾರಿ, ಉದ್ಯಾನ, ಮನರಂಜನ ಮಂದಿರ ಇತ್ಯಾದಿಗಳನ್ನು ಮುಂದೆ ಮಾಡಿಕೊಡುತ್ತೇವೆಂದು ಮಾತು ಕೊಡುತ್ತಾರೆ. ಆ ಮಾತು ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಇಲ್ಲಿ ಗಾಲ್ಫ್ ಮೈದಾನ, ಅಂಗಡಿಗಳ ಸಾಲು, ಈಜುಕೊಳವಿದ್ದ ಮನರಂಜನ ಕೇಂದ್ರ, ಕುಶಲಕೆಲಸದ ಕೊಠಡಿಗಳು ಮೊದಲು ಸಿದ್ಧವಾದುವು; ಅವುಗಳ ಬದಿಯಲ್ಲಿ ಮಾದರಿಯಾಗಿ ಐದೇ ಮನೆಗಳು. ಕೊಳ್ಳಲು ಬಂದವನು ತಾನು ಮುಂದೆ ದಿನ ಕಳೆಯಲಿರುವ ಜಾಗವನ್ನು ಕಣ್ಣಾರೆ ಕಂಡು ಹಣ ಕಟ್ಟಬಹುದಿತ್ತು. ಮನೆಯ ಬೆಲೆ 8,500 ಡಾಲರಿನಿಂದ ಆರಂಭ. ಪ್ರಾರಂಭೋತ್ಸವಕ್ಕೆ ಹತ್ತು ಸಾವಿರ ಜನ ಬಂದಾರೆಂದು ಎಣಿಸಿದ್ದರು. ಮೂರು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನ ಬಂದು, ಹೆದ್ದಾರಿಯ ಮೇಲೆ ಮೋಟಾರುಗಳ ಸಾಲು ಮೈಲಿಗಟ್ಟಲೆ ನಿಂತಿತು. 237 ಮನೆಗಳು ಆಗಲೇ ಮಾರಾಟವಾದುವು. 1962ರ ಆಗಸ್ಟಿನಲ್ಲಿ ಟೈಮ್ ವಾರಪತ್ರಿಕೆ ತನ್ನ ಮುಖಪುಟದ ಮೇಲೆ ವೆಬ್ಬನ ಚಿತ್ರವನ್ನು ಅಚ್ಚಿಸಿತು.

ಈ ಯಶಸ್ಸು ವಿದ್ವಾಂಸರ ಮತಕ್ಕೆ ವಿರೋಧವಾಗಿ ಬಂದುದು. ವೃದ್ಧರನ್ನು ಮಕ್ಕಳು ಮೊಮ್ಮಕ್ಕಳಿಂದ ಬೇರ್ಪಡಿಸಿ ಒಂದೆಡೆ ಗುಂಪುಗೂಡಿಸುವುದು ಅಸ್ವಾಭಾವಿಕವೆಂದು ಆ ಕಾಲದ ಅನೇಕ ತಜ್ಞರು ಬರೆಯುತ್ತಿದ್ದರು. ನಗರಗಳ ಇತಿಹಾಸಕಾರ ಲೂಯಿಸ್ ಮಮ್ಫರ್ಡ್ 1956ರಲ್ಲಿಯೇ, ವೃದ್ಧರಿಗೆ ಎಲ್ಲ ವಯಸ್ಸಿನವರೂ ಬೆರೆತಿರುವ ನೆರೆಹೊರೆ ಬೇಕೆಂದೂ ಅವರನ್ನು ಪ್ರತ್ಯೇಕಿಸಕೂಡದೆಂದೂ ವಾದಿಸಿದ್ದನು. ವೆಬ್ಬನ ಕಂಪೆನಿಯವರು ಫ್ಲಾರಿಡಕ್ಕೆ ಹೋಗಿ ಅಲ್ಲಿ ಸಂಚಾರಿ ಮನೆಗಳಲ್ಲಿ ನೆಲಸಿದ್ದ ವೃದ್ಧರನ್ನು ವಿಚಾರಿಸಿದಾಗ ಬೇರೆಯದೇ ಉತ್ತರ ಬಂದಿತೆಂದು ಅವರ ಹೇಳಿಕೆ. ಮೊಮ್ಮಕ್ಕಳು ಬಂದರೂ ಸಂತೋಷ, ಹೋದರೂ ಸಂತೋಷ ಎಂಬುದು ಅದರ ಸಾರ. ಮಗನ ಮನೆಯಲ್ಲಿ ಸೊಸೆಯ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುವುದಕ್ಕಿಂತ ತಮ್ಮ ಓರಗೆಯವರೊಡನೆ ಇರುವುದೇ ಲೇಸೆಂದು ಅವರು ಬಗೆದಿದ್ದರು. ಇದು ಮಾರಾಟಗಾರರು ಹೇಳಿದ ಮಾತೆಂಬುದನ್ನು ನೆನಪಿನಲ್ಲಿಟ್ಟರೂ, ಸಾವಿರಾರು ದಂಪತಿಗಳು ತಮ್ಮ ಹಣ ಹೂಡಿ ಅದನ್ನೇ ಸಮರ್ಥಿಸಿದರೆಂಬುದನ್ನು ಅಲ್ಲಗಳೆಯಲಾಗದು.

ನಮ್ಮವರಿಗೆ ಇಲ್ಲಿ ವಾನಪ್ರಸ್ಥದ ನೆನಪಾಗುವುದು ಸಹಜ. ಹೋಲಿಕೆ ಹೆಚ್ಚು ದೂರ ಹೋಗುವುದಿಲ್ಲ. ಶಾಸ್ತ್ರಗಳು ಹೇಳುವ ವಾನಪ್ರಸ್ಥನು ಭೋಗವನ್ನು ಬಿಟ್ಟು ಕಾಡಿಗೆ ನಡೆಯುತ್ತಾನೆ. ಸನ್ ಸಿಟಿಯವನು ಭೋಗಕ್ಕೆ ಈಗ ಬಿಡುವಾಯಿತೆಂದು ಮರುಭೂಮಿಗೆ ಬರುತ್ತಾನೆ. ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗವೆಂದು ಕರೆಯುತ್ತಿದ್ದ ಕಾಲದ ಬಸವನಗುಡಿ, ಮಲ್ಲೇಶ್ವರಗಳೊಡನೆ ಹೋಲಿಸಿದರೆ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ನಿವೃತ್ತ ಅಮಲ್ದಾರರ ಜಗಲಿಯ ಮುಂದೆಯೇ ಬೀದಿಯ ಹುಡುಗರು ಆಡುತ್ತಿದ್ದರು. ಊರು ನಿವೃತ್ತರಿಗೆ ಒಗ್ಗುತ್ತಿತ್ತೇ ಹೊರತು ನಿವೃತ್ತರಿಗಷ್ಟೇ ಸೇರಿದ್ದಾಗಿರಲಿಲ್ಲ.

ಸನ್ ಸಿಟಿಯ ಆಡಳಿತ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮುಂದಿನ ವಿವಾದದ ಬೇರು ಇರುವುದು ಅಲ್ಲಿಯೇ. ಈ ಊರಿಗೆ ಪುರಸಭೆಯಿಲ್ಲ. ಪುರಸಭೆ ಬೇಕೆಂಬ ಸೂಚನೆ 1960ರ ದಶಕದಲ್ಲಿಯೇ ಮತಕ್ಕೆ ಬಂದು ಸೋತಿತು, ಇಂದಿಗೂ ಅದು ಮ್ಯಾರಿಕೋಪ ಜಿಲ್ಲೆಯ ಆಡಳಿತಕ್ಕೆ ನೇರವಾಗಿ ಒಳಪಟ್ಟಿದೆ. ಪುರಸಭೆಯೆಂದರೆ ಹೊಸ ಕಂದಾಯವೆಂಬ ಅಂಜಿಕೆ ಇದಕ್ಕೆ ಮುಖ್ಯ ಕಾರಣ. ಹಾಗೆಂದು ಊರು ಅವ್ಯವಸ್ಥೆಗೆ ಬೀಳಲಿಲ್ಲ. ನಿವಾಸಿಗಳೇ ಸ್ವಯಂಸೇವಕರಾಗಿ ರಾತ್ರಿಯ ಪಹರೆ ತಿರುಗಿದರು, ರಸ್ತೆಯ ಬದಿಯ ಕಸ ಎತ್ತಿದರು, ಗಿಡಗಳನ್ನು ಸವರಿದರು, ಗ್ರಂಥಾಲಯ ನಡೆಸಿದರು. ಜೀವಮಾನವೆಲ್ಲ ಕಚೇರಿಗಳನ್ನೂ ಕಾರ್ಖಾನೆಗಳನ್ನೂ ನಡೆಸಿದ ಜನರಿಗೆ ಊರು ನಡೆಸುವುದು ಕಷ್ಟವಾಗಲಿಲ್ಲವೆನ್ನಬೇಕು. ಈಜುಕೊಳ, ಗಾಲ್ಫ್ ಮೈದಾನಗಳ ಒಡೆತನವೂ ಕ್ರಮೇಣ ನಿವಾಸಿಗಳದೇ ಆದ ಸಂಸ್ಥೆಗೆ ಬಂದಿತು. ತಮ್ಮೊಳಗೆ ಇಷ್ಟು ಧಾರಾಳಿಗಳಾಗಿದ್ದ ಜನ ಊರಿನ ಎಲ್ಲೆಯ ಆಚೆಗೆ ಹೇಗಿದ್ದರು ಎಂಬುದೇ ಮುಂದಿನ ಪ್ರಶ್ನೆ.

ಅಮೆರಿಕದಲ್ಲಿ ಶಾಲೆಗಳ ಆಡಳಿತ ಸ್ಥಳೀಯ ಶಾಲಾ ಜಿಲ್ಲೆಗಳಿಗೆ ಸೇರಿದ್ದು. ಹೊಸ ಶಾಲೆ ಕಟ್ಟಬೇಕಾದರೆ ಜಿಲ್ಲೆಯು ಸಾಲಪತ್ರಗಳನ್ನು ಹೊರಡಿಸಬೇಕು. ಅದಕ್ಕೆ ಮತದಾರರ ಒಪ್ಪಿಗೆ ಪಡೆಯಬೇಕು. ಸಾಲ ತೀರುವುದು ಮನೆ ಮತ್ತು ಭೂಮಿಗಳ ಮೇಲಿನ ಕಂದಾಯದಿಂದ. ಸನ್ ಸಿಟಿಯು ಪಿಯೋರಿಯ ಶಾಲಾ ಜಿಲ್ಲೆಯೊಳಗೆ ಬಿದ್ದಿತ್ತು. ಊರಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ, ಮತದಾರರೋ ಸಾವಿರಾರು. ಆ ಮತದಾರರು ಚುನಾವಣೆಯನ್ನು ತಪ್ಪಿಸಿಕೊಳ್ಳುವ ಜಾತಿಯವರಲ್ಲ. ಫೀನಿಕ್ಸ್ ಬೆಳೆದಂತೆ ಪಿಯೋರಿಯದಲ್ಲಿ ಎಳೆಯ ಸಂಸಾರಗಳು ಹೆಚ್ಚಿ ಶಾಲೆಗಳು ಸಾಲದೆ ಬಂದಾಗ, ಸಾಲಪತ್ರಗಳ ಸೂಚನೆಗಳು ಮತಕ್ಕೆ ಬಂದುವು. 1960ರ ದಶಕದ ಆದಿಯಿಂದ 1974ರವರೆಗೆ ಅವು ಒಂದರ ಮೇಲೊಂದರಂತೆ ಸನ್ ಸಿಟಿಯ ಮತಗಳಿಂದ ಬಿದ್ದುವು.

ಇದನ್ನು ಕೇವಲ ಸ್ವಾರ್ಥವೆಂದು ಕರೆದು ಮುಗಿಸುವುದು ಸುಲಭ. ಅವರ ವಾದವನ್ನೂ ಕೇಳಬೇಕು. ಇಲಿನಾಯ್, ಅಯೋವ ಮೊದಲಾದ ತಮ್ಮ ತವರಿನ ಸಂಸ್ಥಾನಗಳಲ್ಲಿ ಅವರು ಮೂವತ್ತು ನಲವತ್ತು ವರ್ಷ ಶಾಲೆಯ ಕಂದಾಯ ಕಟ್ಟಿದ್ದರು. ಈಗಿನ ಆದಾಯವಾದರೋ ನಿಗದಿಯಾದ ಪಿಂಚಣಿ. 1970ರ ಸುಮಾರಿಗೆ ಬೆಲೆಗಳು ಏರುತ್ತಿದ್ದವು. ಸಂಬಳ ಏರುವವನು ಹೊರಬಲ್ಲ ಕಂದಾಯವನ್ನು ಅವರು ಹೊರಲಾರರು. ಮನೆ ಮಾರಿದವರು ಅಲ್ಪ ಕಂದಾಯವನ್ನೇ ಊರಿನ ಗುಣವೆಂದು ಹೊಗಳಿದ್ದುದೂ ಉಂಟು. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಒಂದು ಸಂಗತಿಯನ್ನು ಬಿಟ್ಟುಬಿಡುತ್ತದೆ. ಆ ವೃದ್ಧರು ಬಾಲಕರಾಗಿದ್ದಾಗ ಓದಿದ ಶಾಲೆಗಳಿಗೆ ಕಂದಾಯ ಕೊಟ್ಟವರಲ್ಲಿ ಅವರ ತಂದೆತಾಯಿಗಳಲ್ಲದೆ ಊರಿನ ಮುದುಕರೂ, ಮಕ್ಕಳಿಲ್ಲದವರೂ ಇದ್ದರು. ತಲೆಮಾರುಗಳ ನಡುವಣ ಈ ಸಾಲ, ಕೊಟ್ಟವರಿಗೇ ತೀರಿಸುವಂಥದಲ್ಲ. ಮುಂದೆ ಬಂದವರಿಗೆ ತೀರಿಸುವಂಥದು. ಎಲ್ಲ ವಯಸ್ಸಿನವರೂ ಬೆರೆತಿದ್ದ ಊರಿನಲ್ಲಿ ಈ ಲೆಕ್ಕ ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತಿತ್ತು. ವಯಸ್ಸಿನ ಗೆರೆ ಎಳೆದೊಡನೆ ಅದು ಬೇರೆ ಬೇರೆ ಪುಟಗಳಲ್ಲಿ ಬರೆದ ಜಮಾಖರ್ಚಾಯಿತು.

ಕೊನೆಗೆ 1974ರಲ್ಲಿ ಸನ್ ಸಿಟಿಯನ್ನು ಪಿಯೋರಿಯ ಶಾಲಾ ಜಿಲ್ಲೆಯಿಂದ ಹೊರಗಿಡಲಾಯಿತು. ಒಂದು ಕಡೆಯವರಿಗೆ ಮತದ ಪೀಡೆ ತಪ್ಪಿತು, ಇನ್ನೊಂದು ಕಡೆಯವರಿಗೆ ಕಂದಾಯದ ಪೀಡೆ. ಅದೇ ವರ್ಷದ ಜುಲೈ 4ರಂದು ವೆಬ್ ತೀರಿಕೊಂಡನು. ಅರಿಜೋನದ ಮೇಲ್ಮನವಿ ನ್ಯಾಯಾಲಯವು, ಮಕ್ಕಳ ವಾಸವನ್ನು ನಿಷೇಧಿಸಿದ್ದ ಸಂಚಾರಿ ಮನೆಗಳ ಬಡಾವಣೆಯೊಂದರ ಮೊಕದ್ದಮೆಯಲ್ಲಿ, ಕ್ರಯಪತ್ರದೊಳಗಿನ ಅಂಥ ಕರಾರು ಊರ್ಜಿತವೆಂದು ತೀರ್ಪು ಕೊಟ್ಟದ್ದೂ ಅದೇ ವರ್ಷ.

ವಯಸ್ಸಿನ ಗೆರೆ ಶಾಸನಕ್ಕೆ ಏರಿದ ಬಗೆಯನ್ನು ಇನ್ನು ಸಂಕ್ಷೇಪವಾಗಿ ಹೇಳಬಹುದು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ವರ್ಣ, ಮತ ಮೊದಲಾದವುಗಳಿಂದ ಭೇದ ಮಾಡಕೂಡದೆಂದು 1968ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಿಧಿಸಿತ್ತು. 1988ರ ತಿದ್ದುಪಡಿಯು ಆ ಪಟ್ಟಿಗೆ ಮಕ್ಕಳಿರುವ ಸಂಸಾರಗಳನ್ನೂ ಸೇರಿಸಿತು. ಆ ನಿಯಮ ಎಲ್ಲೆಡೆಯೂ ನಡೆದಿದ್ದರೆ ಸನ್ ಸಿಟಿಯ ಮೂಲ ಕಟ್ಟಳೆಯೇ ಬಿದ್ದುಹೋಗಬೇಕಾಗಿತ್ತು. ಆದುದರಿಂದ ಅದೇ ಶಾಸನದಲ್ಲಿ ವಿನಾಯಿತಿ ಬಂದಿತು: ನಿವಾಸಿಗಳೆಲ್ಲರೂ 62 ವರ್ಷ ತುಂಬಿದವರಾಗಿರಬೇಕು, ಇಲ್ಲವೆ ನೂರಕ್ಕೆ 80 ಮನೆಗಳಲ್ಲಿ 55 ವರ್ಷ ತುಂಬಿದವರೊಬ್ಬರಾದರೂ ಇರಬೇಕು. ಎರಡನೆಯ ಬಗೆಯ ನೆಲೆಗಳು ವೃದ್ಧರಿಗೆ ಬೇಕಾದ ವಿಶೇಷ ಸೌಕರ್ಯಗಳನ್ನೂ ಒದಗಿಸಬೇಕೆಂಬ ಷರತ್ತಿತ್ತು. 1995ರ ಶಾಸನವು ಆ ಷರತ್ತನ್ನು ತೆಗೆದುಹಾಕಿತು. ನಮ್ಮ ದೃಷ್ಟಿಯಲ್ಲಿ ಈ ಸಣ್ಣ ಬದಲಾವಣೆ ಬಹು ಮುಖ್ಯವಾದುದು. ಅಲ್ಲಿಯವರೆಗೆ ವೃದ್ಧರ ಅಗತ್ಯವು ಪ್ರತ್ಯೇಕತೆಗೆ ಸಮರ್ಥನೆಯಾಗಿದ್ದಿತು. ಆ ಬಳಿಕ ವಯಸ್ಸೊಂದೇ ಸಾಕಾಯಿತು.

ವೃದ್ಧರ ಅಗತ್ಯವೆಂಬುದು ಸನ್ ಸಿಟಿಯಲ್ಲಿ ತಡವಾಗಿಯೇ ಕಾಣಿಸಿಕೊಂಡಿತು. 1960ರಲ್ಲಿ ಬಂದವರು ಗಾಲ್ಫ್ ಆಡುವಷ್ಟು ಗಟ್ಟಿಮುಟ್ಟಾದವರು. ಜಾಹೀರಾತುಗಳಲ್ಲಿ ಕೋಲು ಹಿಡಿದವರು ಕಾಣುತ್ತಿರಲಿಲ್ಲ. ಊರಿನಲ್ಲಿ ಬಾಸ್ವೆಲ್ ಹೆಸರಿನ ದೊಡ್ಡ ಆಸ್ಪತ್ರೆ ತೆರೆದದ್ದು 1970ರಲ್ಲಿ, ಹತ್ತು ವರ್ಷ ಕಳೆದ ಮೇಲೆ. ಹೊಸಬರು ಬರುತ್ತಿರುವವರೆಗೆ ಊರು ಎಳೆಯದಾಗಿಯೇ ಇದ್ದಂತೆ ತೋರುತ್ತದೆ. 1978ರ ಸುಮಾರಿಗೆ ಸನ್ ಸಿಟಿ ತುಂಬಿ, ಕಂಪೆನಿಯು ನದಿಯ ಆಚೆಗೆ ಸನ್ ಸಿಟಿ ವೆಸ್ಟ್ ಎಂಬ ಎರಡನೆಯ ಊರನ್ನು ಆರಂಭಿಸಿತು. ಆಗ ಮೊದಲನೆಯದು ತನ್ನ ನಿವಾಸಿಗಳೊಡನೆ ತಾನೂ ಮುಪ್ಪಾಗತೊಡಗಿತು. ಒಂಟಿಯಾಗಿ ಉಳಿದ ವಿಧವೆಯರು, ಮೋಟಾರು ನಡೆಸಲಾರದವರು, ನೆನಪು ಕುಂದಿದವರು ಹೆಚ್ಚಿದರು. ಇವರ ಊಟ, ಔಷಧಿ, ಓಡಾಟಗಳನ್ನು ಹೊತ್ತವರು ಬಹುಮಟ್ಟಿಗೆ ಅವರಿಗಿಂತ ಐದಾರು ವರ್ಷ ಚಿಕ್ಕವರಾದ ನೆರೆಯವರೇ. ಈ ಪರಸ್ಪರ ಸೇವೆಯನ್ನು ಟೀಕಾಕಾರರು ಸಾಕಷ್ಟು ಗಮನಿಸಿಲ್ಲವೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಿಯೂ, ಬೆಂಗಳೂರಿನ ಹೊರವಲಯವೂ ಸೇರಿದಂತೆ, ಹಿರಿಯರಿಗೆ ಮಾತ್ರವೆಂದು ಮನೆಗಳನ್ನು ಕಟ್ಟಿ ಮಾರುವುದು ಈಗ ನಡೆದಿದೆ. ಇಂಥ ನೆಲೆಗಳಿಗೆಂದು ಕೇಂದ್ರ ಸರ್ಕಾರವು 2019ರಲ್ಲಿ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿತು. ನಮ್ಮಲ್ಲಿ ಶಾಲೆಯ ಖರ್ಚು ಸ್ಥಳೀಯರ ಮತಕ್ಕೆ ಬರುವುದಿಲ್ಲವಾದ್ದರಿಂದ ಪಿಯೋರಿಯದ ಜಗಳ ಅದೇ ರೂಪದಲ್ಲಿ ಏಳಲಾರದು. ಮುಪ್ಪಿನ ಪ್ರಶ್ನೆಯಾದರೋ ಏಳದಿರದು. ಕೊಳ್ಳುವವನು ಅರವತ್ತರವನು, ಬಾಳಬೇಕಾದವನು ಎಂಬತ್ತೈದರವನು.

ಕೊನೆಯದಾಗಿ ಯಂಗ್‌ಟೌನಿನ ಸಂಗತಿ. ತೊಂದರೆಗೆ ಸಿಕ್ಕಿದ್ದ ಹದಿಹರೆಯದ ಮೊಮ್ಮಗನೊಬ್ಬನನ್ನು ಅಜ್ಜ ಅಜ್ಜಿಯರು ಅಲ್ಲಿನ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ವಯಸ್ಸಿನ ನಿಯಮಕ್ಕೆ ಇದು ವಿರುದ್ಧವೆಂದು ಪಟ್ಟಣದ ಆಡಳಿತ ಆಕ್ಷೇಪಿಸಿತು. ದೂರು ಸಂಸ್ಥಾನದ ಅಟಾರ್ನಿ ಜನರಲರವರೆಗೆ ಹೋಗಿ, ಕಾಗದಪತ್ರಗಳನ್ನು ಪರಿಶೀಲಿಸಿದಾಗ, ಆ ನಿಯಮಕ್ಕೆ ಕಾನೂನಿನ ಆಧಾರವಿಲ್ಲವೆಂದು ಕಂಡುಬಂದು, 1998ರಲ್ಲಿ ಅದು ರದ್ದಾಯಿತು. ಅಗ್ಗದ ಸಣ್ಣ ಮನೆಗಳಿಗೆ ಮಕ್ಕಳುಮರಿಯೊಡನೆ ದುಡಿಯುವ ಸಂಸಾರಗಳು ಬಂದು ಸೇರಿದವು. 2020ರ ಜನಗಣತಿಯಲ್ಲಿ ಯಂಗ್‌ಟೌನಿನ ಜನ ಸುಮಾರು 7,000, ಸನ್ ಸಿಟಿಯವರು ಸುಮಾರು 40,000. ಎರಡೂ ಊರುಗಳ ಎಲ್ಲೆ ಒಂದಕ್ಕೊಂದು ತಗುಲಿಯೇ ಇದೆ. ಹೆಸರಿನಲ್ಲಿ ಮಾತ್ರ ಎಳೆಯರದಾಗಿದ್ದ ಪಟ್ಟಣದಲ್ಲಿ ಈಗ ಎಳೆಯರೂ ಇದ್ದಾರೆ.